ಹಳ್ಳದಾಚೆಯ ಮೂರು ಕೂ

ಮಲ್ಲಂದೂರು
೧೨ ಡಿಸೆಂಬರ್ ೨೦೨೪

ರಜನಿ,

‘ನೀವು’ ಎಂದು ಶುರುಮಾಡಿ ಎರಡು ಹಾಳೆ ಹರಿದೆ. ಇನ್ನು ‘ನೀನು’ ಎಂದೇ ಬರೆಯುತ್ತೇನೆ. ನಾನು ಹಳ್ಳದ ಈಚೆ ದಡದ ಸರ್ವಮಂಗಳಾ, ರುದ್ರಪ್ಪನವರ ಮಗಳು. ಐದನೇ ಕ್ಲಾಸಿನವರೆಗೆ ನಿನ್ನ ಪಕ್ಕದಲ್ಲಿ ಕೂತವಳು.

ನಿನ್ನ ವಿಳಾಸ ತಂದುಕೊಟ್ಟವಳು ನನ್ನ ತಮ್ಮನ ಮಗಳು ರೂಪಶ್ರೀ. ಚಿಕ್ಕಮಗಳೂರಿನಲ್ಲಿ ಟೀಚರಾಗಿದ್ದಾಳೆ. ಕಳಸದ ಕಡೆ ಯಾವುದೋ ತರಬೇತಿಗೆ ಬಂದಿದ್ದಾಗ ರಜನಿ ಮೇಡಂ ಎನ್ನುವವರು, ಫೋನೇ ಇಲ್ಲದ ಕಾಲದಲ್ಲಿ ಗುಡ್ಡದಿಂದ ಗುಡ್ಡಕ್ಕೆ ಕೂ ಹಾಕಿ ಮಾತಾಡುತ್ತಿದ್ದ ಕಥೆ ಹೇಳಿದರಂತೆ. ಹಳ್ಳದ ಎರಡೂ ಕಡೆ ಒಂದೊಂದೇ ಮನೆ ಇತ್ತಂತೆ ಅತ್ತೆ, ಎಂದಳು. ನೀನೇ ಎಂದು ಗೊತ್ತಾಯಿತು.

ಕಾಫಿ ಕೊಯ್ಲು ನಡೆದಿದೆ. ಬೆಳಿಗ್ಗೆ ಒಂಬತ್ತಾದರೂ ಮಂಜು ಏಳುವುದಿಲ್ಲ. ನಿಮ್ಮ ಗುಡ್ಡ ಅಲ್ಲೇ ಇದೆ ಎಂದು ನಂಬಿಕೊಂಡು ಕಣದಲ್ಲಿ ಕೆಲಸ ಮಾಡುತ್ತೇನೆ. ಆಗಲೂ ಹಾಗೇ ಅಲ್ಲವೇ? ಮನೆ ಕಾಣುತ್ತಿರಲಿಲ್ಲ, ಮರ ಕಾಣುತ್ತಿರಲಿಲ್ಲ, ಬೆಳ್ಳನೆಯ ಮಂಜಿನೊಳಗಿಂದ ನಿನ್ನ ಕೂ ಒಂದೇ ನಡೆದು ಬರುತ್ತಿತ್ತು. ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ತಿರುಗುತ್ತಿತ್ತು ನಿನ್ನದು. ನನ್ನದು ಮೊಂಡು, ದನ ಅಟ್ಟಿದ ಹಾಗಿದೆ ಎಂದು ನಗುತ್ತಿದ್ದೆ ನೀನು. ಒಂದು ಕೂ ಅಂದರೆ ಹಳ್ಳಕ್ಕೆ ಬಾ. ಎರಡು ಅಂದರೆ ಇವತ್ತು ಮನೆಯಲ್ಲಿ ಬಿಡುವುದಿಲ್ಲ. ಮೂರು ಮಾತ್ರ ನಮ್ಮದಲ್ಲ, ದೊಡ್ಡವರದು: ಕಷ್ಟ ಬಂದಿದೆ, ಜನ ಬೇಕು. ಕೇಳಿಸಿಕೊಂಡವರು ‘ಓ’ ಎಂದು ಓಗೊಡಲೇಬೇಕು. ಓಗೊಟ್ಟ ಮೇಲೆ ಹೊರಡಲೇಬೇಕು.

ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ನಾನು ಮದುವೆಯಾಗಲಿಲ್ಲ. ಅಪ್ಪನಿಗೆ ಎಂಬತ್ತೈದು. ಮೈ ಗಟ್ಟಿಯಾಗಿದೆ, ನೆನಪು ಮಾತ್ರ ಕಲಸಿಹೋಗಿದೆ. ಮಧ್ಯಾಹ್ನ ಊಟವಾದ ಮೇಲೆ ಒಮ್ಮೊಮ್ಮೆ ತಟ್ಟನೆ ಎದ್ದು ಕಣದ ಅಂಚಿಗೆ ಹೋಗಿ ನಿಲ್ಲುತ್ತಾರೆ. ಹಳ್ಳದ ಕಡೆ ಮುಖ ಮಾಡಿ ‘ಓ...’ ಎನ್ನುತ್ತಾರೆ. ‘ಬಂದೇ... ಬಂದೇ...’ ಯಾರೂ ಕರೆದಿರುವುದಿಲ್ಲ.

ಬರೆಯಬೇಕು ಅನ್ನಿಸಿತು. ಕೆಳಗೆ ಫೋನ್ ನಂಬರ್ ಇದೆ.

ಮಂಗಳಾ


ಕಳಸ
೨ ಜನವರಿ ೨೦೨೫

ಮಂಗಳಾ, ಮಾರಾಯ್ತಿ!

ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೂ ಜಗುಲಿಗೂ ನಾಲ್ಕು ಸಲ ತಿರುಗಿದೆನಂತೆ. ನನ್ನ ಗಂಡ ಶ್ರೀಹರಿ, ‘ಯಾರು ಹೋದ್ರು?’ ಎಂದು ಕೇಳಿದರು. ‘ಯಾರೂ ಹೋಗಿಲ್ಲ, ಒಬ್ಬಳು ಬಂದಳು’ ಎಂದೆ.

ಫೋನ್ ಮಾಡುವುದಿಲ್ಲ. ಸಿಟ್ಟಾಗಬೇಡ. ಫೋನಿನಲ್ಲಿ ಹೇಗಿದ್ದೀಯ, ಚೆನ್ನಾಗಿದ್ದೀನಿ, ಮಳೆ ಹೇಗೆ, ಕಾಫಿ ಹೇಗೆ ಎಂದು ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ನಲವತ್ತನಾಲ್ಕು ವರ್ಷವನ್ನು ಹಾಗೆ ಮುಗಿಸಲು ನನಗೆ ಇಷ್ಟವಿಲ್ಲ.

ನಿನ್ನ ಕಾಗದ ಓದಿ ಏನೇನೋ ತೇಲಿ ಬಂತು. ಬಸ್ಸಿನ ಕಂಡಕ್ಟರ್ ಗಂಗಾಧರಪ್ಪ ನೆನಪಿದ್ದಾರಾ? ಊರಿನ ಅರ್ಧ ಸುದ್ದಿ ಅವರ ಬಾಯಲ್ಲೇ ಪ್ರಯಾಣ ಮಾಡುತ್ತಿತ್ತು. ‘ಹೆಣ್ಣು ನೋಡೋಕೆ ಭಾನುವಾರ ಬರ್ತಾರಂತೆ, ಹೋಳಿಗೆ ಮಾಡಿ’ ಎಂದು ಕಿಟಕಿಯಿಂದ ಕೂಗಿ ಮುಂದಿನ ತಿರುವಿಗೆ ಹೋಗಿಬಿಡುತ್ತಿದ್ದರು. ಒಂದು ಸಲ ಎರಡು ಮನೆಯ ಸುದ್ದಿ ಅದಲುಬದಲಾಗಿ, ಯಾರೂ ನೋಡಲು ಬಾರದ ಮನೆಯಲ್ಲಿ ಹೋಳಿಗೆ ಮಾಡಿಕೊಂಡು ಕೂತಿದ್ದರು! ಅಪ್ಪಯ್ಯನಿಗೆ ಬರುತ್ತಿದ್ದ ಕಾರ್ಡುಗಳೂ ನೆನಪಾದವು. ಮೂಲೆಗೆ ಅರಿಶಿನ ಹಚ್ಚಿದ್ದರೆ ಅಮ್ಮ ಓದುವ ಮೊದಲೇ ನಗುತ್ತಿದ್ದಳು. ಅರಿಶಿನವಿಲ್ಲದ ಕಾರ್ಡನ್ನು, ಸಾವಿನ ಸುದ್ದಿ ಇರಬಹುದೆಂದು, ಒಳಗೆ ತರಲು ಬಿಡುತ್ತಿರಲಿಲ್ಲ. ಹೊರಗೇ ಓದಿ, ಹೊರಗೇ ಹರಿಯಬೇಕು.

ಅಮ್ಮನ ಮಾತು ಬಂತು, ಬರೆದುಬಿಡುತ್ತೇನೆ. ಅವಳು ಹೋದ ಮೇಲೆ ಅಪ್ಪಯ್ಯ ನನ್ನನ್ನು ಇಲ್ಲಿ ಅಜ್ಜಿಯ ಮನೆಗೆ ತಂದುಬಿಟ್ಟರಲ್ಲ, ಇಲ್ಲಿಂದ ನಿನಗೆ ಮೂರು ಇನ್‌ಲ್ಯಾಂಡ್ ಬರೆದೆ. ಟಪಾಲಿನವರು ಬರುವ ಹೊತ್ತಿಗೆ ದಿನಾ ಗೇಟಿನ ಮೇಲೆ ಕೂರುತ್ತಿದ್ದೆ. ನೀನು ಒಂದಕ್ಕೂ ಬರೆಯಲಿಲ್ಲ. ಮಕ್ಕಳ ಮುನಿಸು ಒಂದು ಮಳೆಗಾಲದಲ್ಲಿ ಕೊಚ್ಚಿಹೋಗುತ್ತದೆ ಎನ್ನುತ್ತಾರೆ. ನನ್ನದು ಹೋಗಲಿಲ್ಲ. ಯಾಕೆ ಬರೆಯಲಿಲ್ಲ ನೀನು?

ಇನ್ನೊಂದು. ನಿಮ್ಮಪ್ಪ ಯಾರಿಗೆ ಓಗೊಡುತ್ತಾರೆ?

ನಿನ್ನ,
ರಜನಿ


ಮಲ್ಲಂದೂರು
೨೦ ಜನವರಿ ೨೦೨೫

ರಜನಿ,

ನೀನು ಕೇಳಿದ ಎರಡು ಪ್ರಶ್ನೆಗೂ ಉತ್ತರ ಒಂದೇ. ಬರೆಯುತ್ತೇನೆ. ಕೂತುಕೊಂಡು ಓದು.

ಆ ವರ್ಷ ಬೇಸಿಗೆಯಲ್ಲಿ ಅಪ್ಪ ಹಳ್ಳಕ್ಕೆ ಎಂಜಿನ್ ಇಟ್ಟು ತೋಟಕ್ಕೆ ನೀರು ಹೊಡೆದರು. ನಿಮ್ಮ ಮನೆಗೆ ಹೋಗುತ್ತಿದ್ದ ಕುಡಿಯುವ ನೀರು ನಿಂತಿತು. ಮೇಷ್ಟ್ರು, ನಿಮ್ಮಪ್ಪಯ್ಯ, ತಹಶೀಲ್ದಾರರಿಗೆ ಅರ್ಜಿ ಬರೆದರು. ತಹಶೀಲ್ದಾರರ ಜೀಪು ಬಂದು ಆಳುಗಳ ಎದುರಿಗೆ ಎಂಜಿನ್ ಬಿಚ್ಚಿಸಿತು. ಅವತ್ತಿನಿಂದ ಅಪ್ಪ ಆ ಗುಡ್ಡದ ಕಡೆ ಮುಖ ಹಾಕುತ್ತಿರಲಿಲ್ಲ. ನಾವಿಬ್ಬರು ಕದ್ದು ಹಳ್ಳಕ್ಕೆ ಹೋಗುತ್ತಿದ್ದೆವು, ಅಷ್ಟೇ.

ಜುಲೈ. ಮಳೆಗೆ ಶಾಲೆ ರಜೆ ಕೊಟ್ಟಿದ್ದರು. ಅಮ್ಮ ತಮ್ಮನನ್ನು ಎತ್ತಿಕೊಂಡು ತವರಿಗೆ ಹೋಗಿದ್ದಳು. ಮನೆಯಲ್ಲಿ ಅಪ್ಪ ಮತ್ತು ನಾನು. ಮಧ್ಯಾಹ್ನ ಊಟವಾಗಿತ್ತು. ಅಪ್ಪ ಜಗುಲಿಯಲ್ಲಿ ಕೂತು ಗೋಣಿಚೀಲ ಹೊಲಿಯುತ್ತಿದ್ದರು.

ಆಗ ನಿನ್ನ ಕೂ ಬಂತು. ಮೂರು. ಸ್ವಲ್ಪ ಬಿಟ್ಟು ಮತ್ತೆ ಮೂರು.

‘ಅಪ್ಪಾ, ರಜನಿ ಕೂ ಹಾಕ್ತಿದಾಳೆ. ಮೂರು ಸಲ’ ಎಂದೆ.

ಅಪ್ಪನ ಕೈ ನಿಂತಿತು. ಕೇಳಿಸಿತ್ತು, ರಜನಿ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ, ‘ಹಳ್ಳದ ಸದ್ದು ಕಣೇ ಅದು. ಒಳಗೆ ನಡಿ’ ಎಂದರು.

‘ಅಲ್ಲಪ್ಪಾ...’

‘ನಡಿ ಅಂದೆ.’

ನಾನು ಒಳಗೆ ಹೋದೆ. ನೀನು ಕೂಗುತ್ತಲೇ ಇದ್ದೆ. ಕಂಬಳಿ ಹೊದ್ದು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ಹಿತ್ತಿಲಿಗೆ ಓಡಿ ಒಂದೇ ಒಂದು ‘ಓ’ ಎನ್ನಬಹುದಿತ್ತು. ಎನ್ನಲಿಲ್ಲ. ನಿಮ್ಮಮ್ಮ ಸೀತಮ್ಮನವರಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬಂದಿತ್ತು ಎಂದು, ನೀನು ಕೊನೆಗೆ ಎಸ್ಟೇಟಿನ ಕೂಲಿ ಲೈನಿಗೆ ಓಡಿ ಸೂಲಗಿತ್ತಿ ದೇವೀರಮ್ಮನನ್ನು ಕರೆತರುವಾಗ ಸಂಜೆಯಾಗಿತ್ತು ಎಂದು ನಮಗೆ ಮಾರನೆಯ ದಿನ ಗೊತ್ತಾಯಿತು. ಅಷ್ಟರಲ್ಲಿ ಮಗುವೂ ಇರಲಿಲ್ಲ, ಅವರೂ ಇರಲಿಲ್ಲ.

ನಿನ್ನ ಮೊದಲನೆಯ ಇನ್‌ಲ್ಯಾಂಡ್ ಬಂದಾಗ ಓದಿದೆ. ‘ಮಳೆ ಜೋರಿತ್ತಲ್ಲ, ನಿಮಗೆ ಕೇಳಿಸಲಿಲ್ಲ ಅಂತ ಅಪ್ಪಯ್ಯ ಹೇಳಿದರು’ ಎಂದು ಬರೆದಿದ್ದೆ. ಅದಕ್ಕೆ ಏನೆಂದು ಉತ್ತರ ಬರೆಯಲಿ? ಹೌದು ಎಂದರೆ ಸುಳ್ಳು, ಇಲ್ಲ ಎಂದರೆ ಅಪ್ಪ. ಉಳಿದೆರಡನ್ನು ಒಡೆಯಲೇ ಇಲ್ಲ.

ಅಪ್ಪ ಓಗೊಡುವುದು ನಿನಗೆ.

ಮಂಗಳಾ


ಮಲ್ಲಂದೂರು
೧೬ ಮಾರ್ಚ್ ೨೦೨೫

ರಜನಿ,

ಎರಡು ತಿಂಗಳಾಗುತ್ತ ಬಂತು. ನೀನು ಬರೆಯಲಿಲ್ಲ. ಬರೆಯಲೇಬೇಕು ಎಂದು ಕೇಳುವ ಹಕ್ಕು ನನಗಿಲ್ಲ.

ಹತ್ತು ದಿನದ ಹಿಂದೆ ಒಳ್ಳೆಯ ಮಳೆ ಬಿತ್ತು. ಇವತ್ತು ಇಡೀ ತೋಟ ಹೂವಾಗಿದೆ. ಬಾಬಾಬುಡನ್‌ಗಿರಿಯ ಬುಡದವರೆಗೂ ಬಿಳಿ. ವಾಸನೆಗೆ ತಲೆ ತಿರುಗುತ್ತದೆ, ನಡೆಯುವಾಗ ನೆಲ ಮುಟ್ಟಿದ ಹಾಗಾಗುವುದಿಲ್ಲ. ಇಂಥ ದಿನ ನಾವು ಶಾಲೆಗೆ ಚಕ್ಕರ್ ಹೊಡೆದು ಗಿಡಗಳ ಕೆಳಗೆ ಮಲಗಿದ್ದು, ಜೇನುನೊಣಗಳ ಸದ್ದಿಗೆ ಹಾಗೇ ನಿದ್ದೆಹೋಗಿದ್ದು ನೆನಪಾಯಿತು. ಇನ್ನು ಎರಡು ದಿನದಲ್ಲಿ ಎಲ್ಲಾ ಕಂದಿಹೋಗುತ್ತದೆ. ಅದಕ್ಕೇ ಇವತ್ತೇ ಬರೆದೆ.

ಆ ಕಾಗದ ಬರೆದು ನಾನು ಹಗುರಾದೆ. ಆಮೇಲೆ ಹೊಳೆಯಿತು, ನನ್ನ ಭಾರವನ್ನು ನಿನ್ನ ತಲೆಗೆ ಹೊರಿಸಿದೆ ಎಂದು. ಅದಕ್ಕೆ ಕ್ಷಮಿಸು. ಬೇರೆಯದಕ್ಕೆ ಕೇಳುವುದಿಲ್ಲ.

ಮಂಗಳಾ


ಕಳಸ
೯ ಏಪ್ರಿಲ್ ೨೦೨೫

ಮಂಗಳಾ,

ಆರು ಸಲ ಬರೆದು ಒಲೆಗೆ ಹಾಕಿದ್ದೇನೆ. ಇದು ಏಳನೆಯದು.

ಮಳೆ ನನ್ನ ಕೂ ನುಂಗಿತು ಎಂದು ಇಷ್ಟು ವರ್ಷ ನಂಬಿದ್ದೆ. ಮಳೆಯನ್ನು ಕ್ಷಮಿಸುವುದು ಸುಲಭ. ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಕ್ಷಮಿಸುತ್ತೇನೆ. ನೀನು ಬಂದು ಆ ಮಳೆಯನ್ನು ತೆಗೆದುಬಿಟ್ಟೆ. ಅದರ ಜಾಗದಲ್ಲಿ ಗೋಣಿಚೀಲ ಹೊಲಿಯುತ್ತ ಕೂತ ಒಬ್ಬ ಮನುಷ್ಯನನ್ನು ಇಟ್ಟೆ. ಅವರ ಕೈಯಿಂದ ನಾನು ಎಷ್ಟು ಸಲ ಬೆಲ್ಲ ತಿಂದಿಲ್ಲ, ಮಂಗಳಾ? ‘ಮೇಷ್ಟ್ರ ಮಗಳಿಗೆ ಕೊಡ್ರೇ ಮೊದ್ಲು’ ಎನ್ನುತ್ತಿದ್ದರು.

ಹನ್ನೊಂದು ವರ್ಷದ ಮಂಗಳಾ ಮೇಲೆ ನನಗೆ ಸಿಟ್ಟಿಲ್ಲ. ಅವಳು ಕಂಬಳಿಯೊಳಗೆ ಇದ್ದಾಳೆ, ಇರಲಿ. ಐವತ್ತಾರರ ಮಂಗಳಾ ಮೇಲೆ ಇದೆ. ಹೇಳುವುದಿದ್ದರೆ ಇಪ್ಪತ್ತಕ್ಕೆ ಹೇಳಬೇಕಿತ್ತು. ಅಪ್ಪಯ್ಯ ಬದುಕಿರುವಾಗ ಹೇಳಬೇಕಿತ್ತು. ‘ನಾನು ಆ ದಿನ ಯಾಕೆ ಕಳಸಕ್ಕೆ ಹೋದೆನೋ’ ಎಂದು ಕೊರಗಿಯೇ ಅವರು ಹೋದರು. ಅಜ್ಜಿಗೆ ಜ್ವರ ಎಂದು ಕಾರ್ಡು ಬಂದಿತ್ತು, ಹೋಗಿದ್ದರು. ಹೋಗಿ ನೋಡಿದರೆ ಅಜ್ಜಿ ಎದ್ದು ಓಡಾಡುತ್ತಿದ್ದಳು. ಕಾರ್ಡು ತಲುಪಲು ಆರು ದಿನ ಹಿಡಿದಿತ್ತು.

ಇನ್ನೊಂದು ವಿಷಯ. ಇದನ್ನು ಯಾರಿಗೂ ಹೇಳಿಲ್ಲ. ಮಳೆಯನ್ನು ದೂರುತ್ತಿದ್ದೆನಾದರೂ ಒಳಗೊಳಗೇ ನನಗೆ ನನ್ನ ಗಂಟಲಿನ ಮೇಲೆ ಅನುಮಾನ. ಇನ್ನೂ ಜೋರಾಗಿ ಕೂಗಬೇಕಿತ್ತು, ಬಂಡೆ ಹತ್ತಿ ನಿಂತು ಕೂಗಬೇಕಿತ್ತು ಎಂದು. ಮೂವತ್ತು ವರ್ಷ ಪಾಠ ಮಾಡಿದೆ. ಹಿಂದಿನ ಬೆಂಚಿನವರೇ, ಕೇಳಿಸ್ತಾ ಎಂದು ಕೇಳದ ದಿನವಿಲ್ಲ. ಮಕ್ಕಳು ನನಗೆ ‘ಕೇಳಿಸ್ತಾ ಮೇಡಂ’ ಎಂದೇ ಹೆಸರಿಟ್ಟಿದ್ದವು.

ಹಾಗಾದರೆ ಕೇಳಿಸಿತ್ತು. ನಿನ್ನ ಕಾಗದ ಓದಿ ಹದಿನೈದು ದಿನ ಅತ್ತ ಮೇಲೆ ಇದೊಂದು ಮಾತು ಉಳಿಯಿತು. ನನ್ನ ದನಿ ಹಳ್ಳ ದಾಟಿತ್ತು.

ಮೇ ತಿಂಗಳಲ್ಲಿ ಒಂದು ದಿನ ಬರುತ್ತೇನೆ. ಅವರನ್ನು ನೋಡಬೇಕು. ನೋಡಿ ಏನು ಮಾಡುತ್ತೇನೆ ಎಂದು ನನಗೇ ಗೊತ್ತಿಲ್ಲ.

ರಜನಿ


ಮಲ್ಲಂದೂರು
೨೧ ಮೇ ೨೦೨೫

ರಜನಿ,

ನೀನು ಬಂದುಹೋದದ್ದು ನಿಜವೋ ಕನಸೋ ಎಂದು ಆಗಾಗ ಅನ್ನಿಸುತ್ತದೆ. ನೀನು ಕೂತ ಬೆಂಚನ್ನು ಒರೆಸಲಿಲ್ಲ ಇನ್ನೂ.

ಅಪ್ಪ ನಿನ್ನನ್ನು ಗುರುತಿಸದೆ, ‘ಯಾರಮ್ಮಾ? ಊಟ ಆಯ್ತಾ?’ ಎಂದರಲ್ಲ, ನೀನು ‘ಆಯ್ತು’ ಎಂದು ಅಷ್ಟಕ್ಕೇ ನಿಲ್ಲಿಸಿದೆ. ನಾನು ಬಾಗಿಲ ಹಿಂದೆ ನಿಂತಿದ್ದೆ. ನೀನು ಕೂಗಾಡಿದ್ದರೆ ಸಮಾಧಾನವಾಗುತ್ತಿತ್ತೇನೋ.

ಹಳ್ಳದವರೆಗೆ ಹೋದೆವು. ಮರದ ಸಂಕ ಇದ್ದಲ್ಲಿ ಈಗ ಸಿಮೆಂಟಿನ ಸೇತುವೆ. ಎರಡು ಹೆಜ್ಜೆಗೆ ಆಚೆ ದಡ. ನೀನು ದಾಟಲಿಲ್ಲ. ನಿಮ್ಮ ಮನೆಯ ಜಾಗದಲ್ಲಿ ಹೋಂಸ್ಟೇ ಎದ್ದಿದೆ, ನೋಡುವಂಥದ್ದೇನೂ ಉಳಿದಿಲ್ಲ. ಆದರೂ ನೀನು ನೀರಿಗೆ ಕಾಲು ಬಿಟ್ಟುಕೊಂಡು ಒಂದು ಗಂಟೆ ಕೂತೆ. ನಾನೂ ಕೂತೆ. ನನಗೆ ಅದು ಸಾಕಿತ್ತು.

ಬಸ್ಸು ಹತ್ತುವಾಗ ನೀನು ನನ್ನ ಕಣ್ಣಿನ ವಿಷಯ ಎತ್ತಿದೆ. ಲೋಟದ ಬಾಯನ್ನು ಬೆರಳಿನಲ್ಲಿ ಮುಟ್ಟಿಕೊಂಡು ಕಾಫಿ ಬಗ್ಗಿಸುವುದನ್ನು ನೋಡಿದೆಯಂತೆ. ಹೌದು, ಪೊರೆ. ಎರಡೂ ಕಣ್ಣು. ಡಾಕ್ಟರು ಎರಡು ವರ್ಷದಿಂದ ಹೇಳುತ್ತಿದ್ದಾರೆ. ಅಪ್ಪನನ್ನು ಬಿಟ್ಟು ಹೇಗೆ ಹೋಗಲಿ? ತಮ್ಮನ ಮನೆಗೆ ಕರೆದೊಯ್ದರೆ ಒಂದು ದಿನ ನಿಲ್ಲುವುದಿಲ್ಲ. ಕೆಲಸಕ್ಕೆ ಇಟ್ಟುಕೊಂಡವರು ವಾರಕ್ಕೆ ಓಡಿಹೋಗುತ್ತಾರೆ. ಮುಂದಿನ ವರ್ಷ ನೋಡೋಣ.

ಮಂಗಳಾ


ಕಳಸ
೧೦ ಜೂನ್ ೨೦೨೫

ಮಂಗಳಾ,

ಮುಂದಿನ ವರ್ಷ ಬೇಡ. ಶ್ರಾವಣದಲ್ಲಿ ನಾನು ಬಂದು ಹದಿನೈದು ದಿನ ಇರುತ್ತೇನೆ. ರೂಪಶ್ರೀಗೆ ಹೇಳಿ ದಿನ ಗೊತ್ತುಮಾಡಿಸು. ಒಂದು ಕಣ್ಣು ಮುಗಿಸು, ಇನ್ನೊಂದು ಆಮೇಲೆ.

ಬೇಡ ಎಂದು ಬರೆಯಬೇಡ. ಬರೆದರೂ ನಿನ್ನ ಸಾಲುಗಳು ಹಾಳೆಯಿಂದ ಜಾರಿ ಕೆಳಗೆ ಬೀಳುತ್ತವೆ, ನನಗೆ ಓದಲಾಗುವುದಿಲ್ಲ. ಇದನ್ನು ನಾನು ಮಾಡುತ್ತಿರುವುದು ನಿನಗಾಗಿ, ನಿಮ್ಮಪ್ಪನಿಗಾಗಿ ಅಲ್ಲ. ಅದನ್ನು ಮಾತ್ರ ತಪ್ಪು ತಿಳಿಯಬೇಡ.

ರಜನಿ


ಮಲ್ಲಂದೂರು
೯ ಆಗಸ್ಟ್ ೨೦೨೫

ಮಂಗಳಾ,

ನಿಮ್ಮ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇದನ್ನು ಅಲ್ಲಿ ಚಿಕ್ಕಮಗಳೂರಿನಲ್ಲಿ ರೂಪಶ್ರೀ ಕೈಯಲ್ಲಿ ಓದಿಸಬೇಡ. ಡಾಕ್ಟರು ಓದಬಹುದು ಎಂದ ಮೇಲೆ ನೀನೇ ಓದು.

ಮೊದಲ ಮೂರು ದಿನ ನಿಮ್ಮಪ್ಪ ನನ್ನ ಕೈಯಿಂದ ನೀರೂ ಕುಡಿಯಲಿಲ್ಲ. ‘ಮಂಗಳಾ ಎಲ್ಲಿ?’ ಒಂದೇ ಮಾತು. ನಾಲ್ಕನೆಯ ದಿನ ಅಕ್ಕಿರೊಟ್ಟಿ ತಿಂದು, ‘ಉಪ್ಪು ಸಾಲದು’ ಎಂದರು. ಅಲ್ಲಿಂದ ಸರಿಹೋಯಿತು.

ಮೊನ್ನೆ ಮಧ್ಯಾಹ್ನ ಮಳೆ ಹಿಡಿದಿತ್ತು. ಊಟ ಮಾಡಿ ಕೂತವರು ತಟ್ಟನೆ ಎದ್ದು ಹೊರಟರು. ಕೈ ಹಿಡಿದೆ.

‘ಬಿಡಮ್ಮ, ಹುಡ್ಗಿ ಕರೀತಾ ಇದೆ.’

‘ಯಾವ ಹುಡ್ಗಿ?’

‘ಮೇಷ್ಟ್ರ ಮಗಳು. ಮೂರು ಸಲ ಆಯ್ತು.’

ಇಷ್ಟು ತಿಂಗಳು ಕೇಳಬೇಕು ಎಂದುಕೊಂಡದ್ದನ್ನು ಕೇಳಿಬಿಟ್ಟೆ. ‘ಮತ್ತೆ ಅವತ್ತು ಯಾಕೆ ಹೋಗ್ಲಿಲ್ಲ ನೀವು?’

‘ಹೋದ್ನಲ್ಲಮ್ಮ. ಸಂಕದ ತನಕ ಹೋದೆ. ಕೊಡೆ ಹಿಡ್ಕಂಡು ನಿಂತಿದ್ದೆ. ಮೇಷ್ಟ್ರು ಒಂದ್ಸಲ ರುದ್ರಪ್ಪಾ ಅನ್ಲಿ, ದಾಟ್ತೀನಿ ಅಂತ ನಿಂತೆ. ಅರ್ಜಿ ಬರಿಯಕ್ಕೆ ಬಂತು, ಕರಿಯಕ್ಕೆ ಬರಲ್ವಾ ಅಂತ. ಅವ್ರು ಕರೀಲೇ ಇಲ್ಲ. ಹುಡ್ಗಿ ಒಂದೇ ಕರೀತಿತ್ತು.’

ನಿನಗಿದು ಗೊತ್ತಿತ್ತಾ, ಮಂಗಳಾ? ನೀನು ಕಂಬಳಿಯೊಳಗೆ ಕಿವಿ ಮುಚ್ಚಿಕೊಂಡಿದ್ದಾಗ ಅವರು ಮಳೆಯಲ್ಲಿ ಸಂಕದ ಬಾಯಲ್ಲಿ ನಿಂತಿದ್ದರು. ಬಾಳೆಯ ಹಿಂಡಿನ ಮರೆಯಲ್ಲಿ ನಿಂತಿರಬೇಕು, ನನಗೆ ಕಾಣಲಿಲ್ಲ. ಕೂಗಿದವಳು ನಾನು, ಅವರು ಕಾದದ್ದು ಇನ್ನೊಬ್ಬರ ದನಿಗೆ.

‘ಅಪ್ಪಯ್ಯ ಮನೇಲಿರ್ಲಿಲ್ಲ’ ಎಂದೆ. ‘ಕಳಸಕ್ಕೆ ಹೋಗಿದ್ರು. ಮನೇಲಿ ಅಮ್ಮ, ನಾನು, ಇಬ್ರೇ.’

‘ಇರ್ಲಿಲ್ವಾ?’

‘ಇರ್ಲಿಲ್ಲ.’

‘ಇರ್ಲಿಲ್ವಾ...’

ಆಮೇಲೆ ಹೆಂಗಸು ಉಳಿದಳಾ, ಮಗು ಉಳಿಯಿತಾ ಎಂದು ಕೇಳಿದರು. ಇಲ್ಲ ಎಂದೆ. ಶಾಲನ್ನು ಮುಖದ ಮೇಲೆ ಎಳೆದುಕೊಂಡು ಕೂತುಬಿಟ್ಟರು. ಭುಜ ಅಲುಗುತ್ತಿತ್ತು. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೆ ಒಂದು ಥರ ತೃಪ್ತಿಯಾಯಿತು. ಯಾರಾದರೂ ಆ ದಡದವರು ಇದಕ್ಕಾಗಿ ಅಳಬೇಕಿತ್ತು.

ನಿನ್ನೆ ಅದೇ ಹೊತ್ತಿಗೆ ಮತ್ತೆ ಎದ್ದರು. ಮತ್ತೆ ಹುಡುಗಿ, ಮತ್ತೆ ಸಂಕ, ಮತ್ತೆ ಮೇಷ್ಟ್ರು ಕರೆಯಲಿಲ್ಲ. ನಾನೂ ಮತ್ತೆ ಎಲ್ಲಾ ಹೇಳಿದೆ, ಒಂದು ಮಾತೂ ಕಡಿಮೆ ಮಾಡದೆ. ಅದೇ ಮುಖ, ಮಂಗಳಾ. ಆ ಕ್ಷಣ ಮೊದಲ ಸಲ ಕೇಳಿದವರ ಮುಖ. ನನಗೆ ಆ ಸುದ್ದಿ ಒಂದೇ ಸಲ ಬಂದಿತ್ತು. ಇವರಿಗೆ ನಾನು ದಿನಾ ಕೊಡಬಹುದಿತ್ತು. ರಾತ್ರಿ ಅನ್ನ ಸೇರಲಿಲ್ಲ ನನಗೆ.

ಇವತ್ತು ಎದ್ದರು. ‘ಮೇಷ್ಟ್ರು ಕರೀಲಿಲ್ಲ’ ಎಂದರು.

‘ಕರೆದ್ರಲ್ಲ’ ಎಂದೆ. ‘ರುದ್ರಪ್ಪಾ ಅಂದ್ರು. ನೀವು ದಾಟಿ ಬಂದ್ರಿ.’

‘ಬಂದ್ನಾ?’

‘ಬಂದ್ರಿ. ಕಂಬಳಿ ಕಟ್ಟಿ ಅಮ್ಮನ್ನ ರಸ್ತೆ ತನಕ ಹೊತ್ಕೊಂಡು ಹೋದ್ರಿ. ಜೀಪು ಸಿಕ್ತು.’

‘ನೀರು ಜಾಸ್ತಿ ಇತ್ತಲ್ಲ?’

‘ಇತ್ತು. ಆದ್ರೂ ದಾಟಿದ್ರಿ.’

‘ಮಗು?’

‘ಗಂಡು ಮಗು.’

ಅವರು ಕಣದ ಕಡೆ ನೋಡಿ ನಕ್ಕರು. ಹೇಳುತ್ತ ಹೇಳುತ್ತ ನನಗೂ ಕಂಡಿತು. ಅಮ್ಮ ಒಲೆಯ ಮುಂದೆ ಕೂತು ಒದ್ದೆ ಕೂದಲು ಬಿಚ್ಚಿ ಒಣಗಿಸುತ್ತಿದ್ದಾಳೆ, ಅಪ್ಪಯ್ಯ ತೊಟ್ಟಿಲಿಗೆ ಹಗ್ಗ ಕಟ್ಟುತ್ತಿದ್ದಾರೆ. ಆಮೇಲೆ ತಮ್ಮ ದೊಡ್ಡವನಾದ. ಕಿವಿಯ ಹತ್ತಿರ ಕೂದಲು ನರೆತಿದೆ, ಅಪ್ಪಯ್ಯನ ಹಾಗೇ ಮೂಗು, ‘ಅಕ್ಕಾ, ಎಷ್ಟು ದಿನ ಆಯ್ತು ನೀನು ಬಂದು’ ಎಂದು ಬೈಯುತ್ತಿದ್ದಾನೆ. ಎಷ್ಟು ಸ್ಪಷ್ಟವಾಗಿತ್ತೆಂದರೆ ಉತ್ತರ ಕೊಡಲು ಬಾಯಿ ತೆರೆದೆ. ಆಮೇಲೆ ಮಳೆಯ ಸದ್ದೊಂದೇ ಉಳಿಯಿತು.

ಈಗ ಮಲಗಿದ್ದಾರೆ. ಮಲಗುವ ಮೊದಲು, ‘ಮಗೂಗೆ ಏನ್ ಹೆಸರಿಟ್ರಿ?’ ಎಂದು ಕೇಳಿದರು. ಎದ್ದ ಮೇಲೆ ಹೇಳುತ್ತೇನೆ ಎಂದೆ.

ಆ ಮಗುವಿಗೆ ನಾವು ಯಾರೂ ಹೆಸರಿಟ್ಟಿರಲಿಲ್ಲ. ಅವರು ಏಳುವುದರೊಳಗೆ ಒಂದು ಹೆಸರು ಬೇಕು, ಹುಡುಕುತ್ತ ಕೂತಿದ್ದೇನೆ.

ನಿನ್ನ,
ರಜನಿ